ಫುಡ್ ಪ್ಯಾಂಟ್ರಿ: ಅಮೆರಿಕದ ಸಣ್ಣ ಊರುಗಳ ಉಗ್ರಾಣ ಮತ್ತು ಅದನ್ನು ನಡೆಸುವ ಜನ

ಅಮೆರಿಕ ಸಿರಿವಂತರ ದೇಶ, ಅಲ್ಲಿ ಹಸಿವೆಂಬುದೇ ಇಲ್ಲ ಎಂದು ನಮ್ಮ ಕಡೆಯ ಎಷ್ಟೋ ಮಂದಿ ತಿಳಿದಿದ್ದಾರೆ. ಆ ದೇಶದ ಕೃಷಿ ಇಲಾಖೆಯ ಲೆಕ್ಕ ಬೇರೆಯೇ ಹೇಳುತ್ತದೆ. 2023ರಲ್ಲಿ ಅಲ್ಲಿನ ಶೇ. 13.5ರಷ್ಟು ಮನೆಗಳಿಗೆ, ಎಂದರೆ ಸುಮಾರು 1 ಕೋಟಿ 80 ಲಕ್ಷ ಕುಟುಂಬಗಳಿಗೆ, ವರ್ಷದ ಒಂದಲ್ಲ ಒಂದು ಹೊತ್ತಿನಲ್ಲಿ ಮನೆಮಂದಿಗೆಲ್ಲ ಸಾಕಾಗುವಷ್ಟು ಆಹಾರ ಒದಗಿಸುವುದು ಕಷ್ಟವಾಗಿತ್ತು. ಇಂಥ ಮನೆಯವರು ಚೀಲ ಹಿಡಿದು ಹೋಗುವ ಜಾಗಕ್ಕೆ ಅಲ್ಲಿ 'ಫುಡ್ ಪ್ಯಾಂಟ್ರಿ' ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಊರಿನ ಉಗ್ರಾಣ ಎನ್ನಬಹುದು.

ಸಣ್ಣ ಊರುಗಳಲ್ಲಿ ಈ ಉಗ್ರಾಣವನ್ನು ನಡೆಸುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ನಿವೃತ್ತ ಶಿಕ್ಷಕರು, ನರ್ಸುಗಳು, ರೈತರು, ಗೃಹಿಣಿಯರು, ಶಾಲೆಯ ಮಕ್ಕಳು ಇವರಲ್ಲಿರುತ್ತಾರೆ. ಹಿಂದೆ ತಾವೇ ಚೀಲ ಹಿಡಿದು ಬಂದಿದ್ದವರೂ ಇರುತ್ತಾರೆ. ಉಗ್ರಾಣಕ್ಕೆ ಆಹಾರ ಎಷ್ಟು ಮುಖ್ಯವೋ, ಹೇಳಿದ ದಿನ ಹೇಳಿದ ಹೊತ್ತಿಗೆ ತಪ್ಪದೆ ಬಂದು ಬಾಗಿಲು ತೆಗೆಯುವ ಈ ಜನರೂ ಅಷ್ಟೇ ಮುಖ್ಯ.

ಮೂರು ಹೆಸರು, ಮೂರು ಕೆಲಸ

ಫುಡ್ ಬ್ಯಾಂಕ್, ಫುಡ್ ಪ್ಯಾಂಟ್ರಿ, ಸೂಪ್ ಕಿಚನ್ ಎಂಬ ಮೂರು ಹೆಸರುಗಳನ್ನು ಒಂದೇ ಎಂದು ತಿಳಿಯುವುದುಂಟು. ಫುಡ್ ಬ್ಯಾಂಕ್ ಎಂಬುದು ದೊಡ್ಡ ಗೋದಾಮು. ಕಂಪನಿಗಳು, ಅಂಗಡಿಗಳು, ರೈತರು ಮತ್ತು ಸರ್ಕಾರ ಕೊಟ್ಟ ಆಹಾರ ಅಲ್ಲಿಗೆ ಲಾರಿಗಟ್ಟಲೆ ಬರುತ್ತದೆ. ಪ್ಯಾಂಟ್ರಿ ಎಂಬುದು ಆ ಗೋದಾಮಿನಿಂದ ಆಹಾರ ತಂದು ಊರಿನ ಮನೆಗಳಿಗೆ ಹಂಚುವ ಜಾಗ. ಇಲ್ಲಿ ಅಡುಗೆ ಮಾಡುವುದಿಲ್ಲ, ದಿನಸಿಯನ್ನು ಮನೆಗೆ ಕೊಂಡೊಯ್ಯಬೇಕು. ಸೂಪ್ ಕಿಚನ್ ಎಂದರೆ ಬೇಯಿಸಿ ಬಡಿಸುವ ಜಾಗ, ನಮ್ಮ ಅನ್ನಛತ್ರದ ಹಾಗೆ.

'ಫೀಡಿಂಗ್ ಅಮೆರಿಕ' ಎಂಬ ಒಕ್ಕೂಟದಲ್ಲಿ ಸುಮಾರು 200 ಫುಡ್ ಬ್ಯಾಂಕುಗಳಿವೆ. ಅವುಗಳಿಂದ ಆಹಾರ ಪಡೆಯುವ ಪ್ಯಾಂಟ್ರಿ ಮತ್ತು ಊಟದ ಕೇಂದ್ರಗಳ ಸಂಖ್ಯೆ ಸುಮಾರು 60 ಸಾವಿರ. ಇವುಗಳಲ್ಲಿ ಬಹಳಷ್ಟು ಚರ್ಚಿನ ನೆಲಮಾಳಿಗೆಯಲ್ಲೋ, ಮುಚ್ಚಿಹೋದ ಅಂಗಡಿಯಲ್ಲೋ, ಹಳೆಯ ಶಾಲೆಯ ಕೋಣೆಯಲ್ಲೋ ನಡೆಯುತ್ತವೆ. ಚರ್ಚಿನಲ್ಲಿ ನಡೆದರೂ ಸರ್ಕಾರದ ಆಹಾರ ಪಡೆಯುವ ಪ್ಯಾಂಟ್ರಿ ಜಾತಿ, ಮತ, ಬಣ್ಣ ನೋಡಿ ಹಂಚುವಂತಿಲ್ಲ. ಈ ನಿಯಮವನ್ನು ಬರೆದ ಭಿತ್ತಿಪತ್ರವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಬೇಕು.

ಆರಂಭವಾದ ಬಗೆ

ಈ ಏರ್ಪಾಡು ಆರಂಭವಾದದ್ದು ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿ, 1967ರಲ್ಲಿ. ಜಾನ್ ವ್ಯಾನ್ ಹೆಂಗೆಲ್ ಎಂಬ ನಿವೃತ್ತ ವ್ಯಾಪಾರಿ ಅಲ್ಲಿನ ಬಡವರ ಊಟದ ಮನೆಯೊಂದರಲ್ಲಿ ಸ್ವಯಂಸೇವಕರಾಗಿದ್ದರು. ಅಂಗಡಿಗಳು ಹಿಂಬದಿಯ ಕಸದ ತೊಟ್ಟಿಗೆ ಎಸೆದ ಒಳ್ಳೆಯ ಆಹಾರವನ್ನೇ ಆರಿಸಿ ತಂದು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬರು ಅವರಿಗೆ ಸಿಕ್ಕಿದರು. ಬ್ಯಾಂಕಿನಲ್ಲಿ ಹಣ ಇಟ್ಟು ತೆಗೆಯುವ ಹಾಗೆ ಆಹಾರಕ್ಕೂ ಒಂದು ಜಾಗ ಇರಬೇಕು ಎಂಬ ಸಲಹೆ ಬಂದದ್ದು ಆ ತಾಯಿಯಿಂದ. ಸೇಂಟ್ ಮೇರಿ ಚರ್ಚಿನವರು ಒಂದು ಹಳೆಯ ಕಟ್ಟಡವನ್ನೂ 3,000 ಡಾಲರ್ ಹಣವನ್ನೂ ಕೊಟ್ಟರು. ಮೊದಲ ವರ್ಷವೇ 2 ಲಕ್ಷ 75 ಸಾವಿರ ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 125 ಟನ್ ಆಹಾರ ಅಲ್ಲಿಂದ ಹಂಚಿಕೆಯಾಯಿತು. ಅದೇ ಸೇಂಟ್ ಮೇರೀಸ್ ಫುಡ್ ಬ್ಯಾಂಕ್.

1979ರಲ್ಲಿ ದೇಶದ ಫುಡ್ ಬ್ಯಾಂಕುಗಳಿಗಾಗಿ 'ಸೆಕೆಂಡ್ ಹಾರ್ವೆಸ್ಟ್' ಎಂಬ ಒಕ್ಕೂಟ ಕಟ್ಟಲಾಯಿತು. 2008ರಲ್ಲಿ ಅದರ ಹೆಸರು ಫೀಡಿಂಗ್ ಅಮೆರಿಕ ಎಂದಾಯಿತು. ವ್ಯಾನ್ ಹೆಂಗೆಲ್ 2005ರಲ್ಲಿ ತೀರಿಕೊಂಡರು.

1980ರ ದಶಕದ ಮೊದಲಲ್ಲಿ ಅಮೆರಿಕ ಸರ್ಕಾರದ ಗೋದಾಮುಗಳಲ್ಲಿ ಚೀಸ್, ಬೆಣ್ಣೆ, ಹಾಲಿನ ಪುಡಿ ರಾಶಿ ಬಿದ್ದಿದ್ದವು. ಅದೇ ಹೊತ್ತಿಗೆ ನಿರುದ್ಯೋಗವೂ ಹೆಚ್ಚಿತ್ತು. ಆ ದಾಸ್ತಾನನ್ನು ಬಡವರಿಗೆ ಹಂಚಲು 'ತಾತ್ಕಾಲಿಕ ತುರ್ತು ಆಹಾರ ನೆರವು ಯೋಜನೆ' ಬಂತು. ಹಂಚಲು ಸರ್ಕಾರಕ್ಕೆ ಊರೂರಿನಲ್ಲಿ ಜನ ಬೇಕಾಗಿತ್ತು, ಆ ಜನ ಪ್ಯಾಂಟ್ರಿಗಳಲ್ಲಿ ಸಿಕ್ಕಿದರು. 1990ರಲ್ಲಿ ಯೋಜನೆಯ ಹೆಸರಿನಿಂದ 'ತಾತ್ಕಾಲಿಕ' ಎಂಬ ಪದವನ್ನೇ ತೆಗೆದುಹಾಕಲಾಯಿತು. ಸ್ವಲ್ಪ ದಿನಕ್ಕೆಂದು ಆರಂಭವಾದ ಕೆಲಸ ಹೀಗೆ ಕಾಯಂ ಆಯಿತು.

ಹಂಚಿಕೆಯ ಹಿಂದಿನ ಕೆಲಸ

ಹೊರಗಿನವರಿಗೆ ಕಾಣುವುದು ವಾರಕ್ಕೊಂದು ಅಥವಾ ತಿಂಗಳಿಗೆರಡು ದಿನ ಎರಡು ಮೂರು ಗಂಟೆ ತೆರೆದಿರುವ ಬಾಗಿಲು ಮಾತ್ರ. ಅದರ ಹಿಂದೆ ಹಲವು ದಿನಗಳ ದುಡಿಮೆ ಇರುತ್ತದೆ. ಫುಡ್ ಬ್ಯಾಂಕಿನ ಲಾರಿ ಬಂದಾಗ ಸಾಮಾನು ಇಳಿಸಬೇಕು, ಇಲ್ಲವಾದರೆ ತಮ್ಮದೇ ವಾಹನ ತೆಗೆದುಕೊಂಡು ಹೋಗಿ ತರಬೇಕು. ಅಂಗಡಿಗಳಿಂದ ಬ್ರೆಡ್ಡು, ತರಕಾರಿ ಒಟ್ಟುಮಾಡಬೇಕು. ಫ್ರೀಜರಿನ ಶೀತವನ್ನು ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಎಷ್ಟು ಪೌಂಡ್ ಬಂತು, ಎಷ್ಟು ಮನೆಗೆ ಹೋಯಿತು ಎಂದು ಫುಡ್ ಬ್ಯಾಂಕಿಗೆ ಲೆಕ್ಕ ಒಪ್ಪಿಸಬೇಕು. ಮೇ ತಿಂಗಳ ಎರಡನೆಯ ಶನಿವಾರ ಕೆಲಸ ಇನ್ನೂ ಹೆಚ್ಚು. ಅಂದು ಮನೆಯವರು ಅಂಚೆ ಪೆಟ್ಟಿಗೆಯ ಬಳಿ ಇಟ್ಟ ದಿನಸಿ ಚೀಲಗಳನ್ನು ಪೋಸ್ಟ್‌ಮ್ಯಾನ್‌ಗಳು ಎತ್ತಿ ತರುತ್ತಾರೆ. ಅಂಚೆ ನೌಕರರ ಸಂಘ ಇದನ್ನು 1993ರಿಂದ ದೇಶದಾದ್ಯಂತ ನಡೆಸಿಕೊಂಡು ಬಂದಿದೆ.

ಬಂದದ್ದನ್ನು ಬೇರ್ಪಡಿಸುವುದು ಎಲ್ಲಕ್ಕಿಂತ ಎಚ್ಚರದ ಕೆಲಸ. ಉಬ್ಬಿದ ಡಬ್ಬಿ, ಸೋರುವ ಡಬ್ಬಿ, ಅಂಚಿನಲ್ಲೋ ಬೆಸುಗೆಯ ಜಾಗದಲ್ಲೋ ಬಲವಾಗಿ ನೆಗ್ಗಿದ ಡಬ್ಬಿಗಳನ್ನು ಬಿಸಾಡಲೇಬೇಕು. ಬದಿಯಲ್ಲಿ ಸ್ವಲ್ಪ ನೆಗ್ಗಿದ್ದರೆ ಚಿಂತೆಯಿಲ್ಲ. ತಾರೀಖಿನ ವಿಷಯ ಇದಕ್ಕಿಂತ ಗೊಂದಲದ್ದು. ಅಮೆರಿಕದ ಕೇಂದ್ರ ಕಾನೂನು ಮಗುವಿನ ಹಾಲಿನ ಪುಡಿಯ ಹೊರತು ಬೇರೆ ಆಹಾರದ ಮೇಲೆ ತಾರೀಖು ಇರಲೇಬೇಕೆಂದು ಹೇಳುವುದಿಲ್ಲ. ಉಳಿದ ಡಬ್ಬಿಗಳ ಮೇಲಿನ ತಾರೀಖು ಹೆಚ್ಚಾಗಿ ರುಚಿ, ಗುಣಮಟ್ಟಕ್ಕೆ ಸಂಬಂಧಿಸಿದ್ದು, ಆ ದಿನ ದಾಟಿತೆಂದ ಮಾತ್ರಕ್ಕೆ ಆಹಾರ ಕೆಟ್ಟಿತೆಂದಲ್ಲ. ಯಾವುದನ್ನು ಎಷ್ಟು ತಿಂಗಳ ತನಕ ಕೊಡಬಹುದು ಎಂಬ ಪಟ್ಟಿಯನ್ನು ಫುಡ್ ಬ್ಯಾಂಕುಗಳು ಕೊಡುತ್ತವೆ. ಮಗುವಿನ ಹಾಲಿನ ಪುಡಿಯನ್ನು ಮಾತ್ರ ತಾರೀಖು ದಾಟಿದರೆ ಕೊಡುವಂತಿಲ್ಲ.

ದಾನ ಕೊಟ್ಟ ಆಹಾರದಿಂದ ಯಾರಿಗಾದರೂ ಕಾಯಿಲೆಯಾದರೆ ಕೋರ್ಟಿಗೆ ಅಲೆಯಬೇಕಾದೀತು ಎಂಬ ಹೆದರಿಕೆ ಮೊದಲು ಬಹಳ ಇತ್ತು. 1996ರ ಅಕ್ಟೋಬರ್ 1ರಂದು ಬಂದ ಬಿಲ್ ಎಮರ್ಸನ್ ಕಾಯಿದೆ ಈ ಹೆದರಿಕೆಯನ್ನು ತಗ್ಗಿಸಿತು. ಒಳ್ಳೆಯ ಮನಸ್ಸಿನಿಂದ ಕೊಟ್ಟವರಿಗೂ ಹಂಚಿದ ಸೇವಾಸಂಸ್ಥೆಗೂ ಅದು ರಕ್ಷಣೆ ಕೊಡುತ್ತದೆ. ಘೋರ ನಿರ್ಲಕ್ಷ್ಯ ತೋರಿದವರಿಗೆ ಆ ರಕ್ಷಣೆ ಇಲ್ಲ. 2023ರ ಜನವರಿಯಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಅಂಗಡಿ, ಹೋಟೆಲುಗಳು ನೇರವಾಗಿ ಹಸಿದವರಿಗೆ ಕೊಡುವ ಆಹಾರಕ್ಕೂ ರಕ್ಷಣೆ ಸಿಕ್ಕಿತು.

ಕೇಳುವವರ ಮರ್ಯಾದೆ

ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮೇಜಿನ ಆಚೆ ಕುಳಿತವರು ಮಗುವಿನ ಟೀಚರ್ ಆಗಿರಬಹುದು, ಪಕ್ಕದ ಮನೆಯವರೇ ಆಗಿರಬಹುದು. ನಾಚಿಕೆಯಿಂದ ಬಾರದೆ ಉಳಿದ ಮನೆಗಳ ಲೆಕ್ಕ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಆದ್ದರಿಂದ ಬಂದವರ ವಿಷಯವನ್ನು ಹೊರಗೆ ಆಡಬಾರದು ಎಂಬುದು ಹೊಸ ಸ್ವಯಂಸೇವಕರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು.

ಹಿಂದೆ ಎಲ್ಲರಿಗೂ ಒಂದೇ ಬಗೆಯ ಚೀಲ ಕಟ್ಟಿಟ್ಟು ಕೊಡುವ ಪದ್ಧತಿ ಹೆಚ್ಚಾಗಿತ್ತು. ಸಕ್ಕರೆ ಕಾಯಿಲೆಯವರಿಗೂ ಸಿಹಿ ಡಬ್ಬಿ, ಒಲೆಯಿಲ್ಲದವರಿಗೂ ಒಣ ಕಾಳು ಹೋಗುತ್ತಿತ್ತು. ಈಗ ಅನೇಕ ಪ್ಯಾಂಟ್ರಿಗಳಲ್ಲಿ ಕಪಾಟುಗಳ ನಡುವೆ ತಳ್ಳುಗಾಡಿ ತಳ್ಳಿಕೊಂಡು ಹೋಗಿ ಬೇಕಾದ್ದನ್ನು ತಾವೇ ಆರಿಸಿಕೊಳ್ಳಬಹುದು. ಮನೆಯ ಜನಸಂಖ್ಯೆ ನೋಡಿ ಇಂತಿಷ್ಟು ಎಂಬ ಮಿತಿ ಇರುತ್ತದೆ. ಬೇಡದ್ದು ಮನೆಗೆ ಹೋಗದ ಕಾರಣ ಆಹಾರ ಹಾಳಾಗುವುದೂ ಕಡಿಮೆ.

ಎಷ್ಟು ವಿಚಾರಿಸಬೇಕು ಎಂಬ ಬಗ್ಗೆ ಒಮ್ಮತವಿಲ್ಲ. ಸರ್ಕಾರದ ಆಹಾರಕ್ಕೆ ಆದಾಯದ ಮಿತಿ ಇದೆ. ಆದರೂ ಹಲವು ರಾಜ್ಯಗಳಲ್ಲಿ ದಾಖಲೆ ಕೇಳದೆ, ಬಂದವರು ತಾವೇ ಹೇಳಿ ಸಹಿ ಹಾಕಿದರೆ ಸಾಕು. ಇಂಗ್ಲೆಂಡಿನ ಸಾಲ್ಸ್‌ಬರಿ ಊರಿನಲ್ಲಿ 2000ದಲ್ಲಿ ಆರಂಭವಾದ ಟ್ರಸೆಲ್ ಟ್ರಸ್ಟಿನ ಫುಡ್ ಬ್ಯಾಂಕುಗಳು ಇನ್ನೊಂದು ದಾರಿ ಹಿಡಿದವು. ಅಲ್ಲಿ ವೈದ್ಯರು, ಶಾಲೆ ಅಥವಾ ಸಲಹಾ ಕೇಂದ್ರದವರು ಕೊಟ್ಟ ಚೀಟಿ ತಂದವರಿಗೆ ಮೂರು ದಿನದ ಆಹಾರ ಕೊಡುವುದು ವಾಡಿಕೆಯಾಯಿತು. ಅರ್ಕಾನ್ಸಾ ರಾಜ್ಯದ ಫಯೆಟ್‌ವಿಲ್‌ನಲ್ಲಿ 2016ರಲ್ಲಿ ಜೆಸಿಕಾ ಮೆಕ್‌ಕ್ಲಾರ್ಡ್ ಎಂಬವರು ರಸ್ತೆ ಬದಿಯಲ್ಲಿ ಕಂಬಕ್ಕೆ ಮರದ ಸಣ್ಣ ಪೆಟ್ಟಿಗೆ ಕೂರಿಸಿದರು. ಇಡುವವರು ಇಡಬಹುದು, ಬೇಕಾದವರು ಯಾವ ಹೊತ್ತಿನಲ್ಲಾದರೂ ತೆಗೆಯಬಹುದು, ಕೇಳುವವರು ಯಾರೂ ಇಲ್ಲ. ಈ ಪೆಟ್ಟಿಗೆಗಳು ಈಗ ಎಷ್ಟೋ ಊರುಗಳಲ್ಲಿ ಕಾಣಸಿಗುತ್ತವೆ.

ಜನವಿಲ್ಲದಿದ್ದರೆ ಬಾಗಿಲಿಲ್ಲ

ಸಣ್ಣ ಊರಿನ ಪ್ಯಾಂಟ್ರಿಗಳ ದೊಡ್ಡ ಚಿಂತೆ ಸ್ವಯಂಸೇವಕರ ವಯಸ್ಸು. ಹಗಲಿನಲ್ಲಿ ಬಿಡುವಿರುವುದು ನಿವೃತ್ತರಿಗೆ. ಹತ್ತು ಹನ್ನೆರಡು ಕಿಲೋ ತೂಕದ ಪೆಟ್ಟಿಗೆ ಹೊತ್ತು ನೆಲಮಾಳಿಗೆಯ ಮೆಟ್ಟಿಲು ಇಳಿಯಬೇಕಾದವರೂ ಅವರೇ. ಬೀಗದ ಕೈ, ಲೆಕ್ಕದ ಪುಸ್ತಕ, ಅಂಗಡಿಯವರ ಪರಿಚಯ ಎಲ್ಲವೂ ಒಬ್ಬಿಬ್ಬರ ಕೈಯಲ್ಲೇ ಇದ್ದು, ಅವರು ಹಾಸಿಗೆ ಹಿಡಿದರೆ ಕಪಾಟಿನಲ್ಲಿ ಆಹಾರವಿದ್ದರೂ ಬಾಗಿಲು ತೆರೆಯುವವರಿಲ್ಲ.

2020ರಲ್ಲಿ ಕೊರೋನಾ ಬಂದಾಗ ಇದು ಎದ್ದು ಕಂಡಿತು. ಕೆಲಸ ಕಳೆದುಕೊಂಡವರ ಸಾಲು ಉದ್ದವಾಯಿತು. ಅದೇ ಹೊತ್ತಿಗೆ ವಯಸ್ಸಾದ ಸ್ವಯಂಸೇವಕರು ಸೋಂಕಿನ ಭಯದಿಂದ ಮನೆಯಲ್ಲೇ ಉಳಿಯಬೇಕಾಯಿತು. ಹಲವು ರಾಜ್ಯಗಳಲ್ಲಿ ಫುಡ್ ಬ್ಯಾಂಕುಗಳ ನೆರವಿಗೆ ನ್ಯಾಷನಲ್ ಗಾರ್ಡ್ ಸೈನಿಕರನ್ನು ಕಳಿಸಲಾಯಿತು. ಕಾರಿನಿಂದ ಇಳಿಯದೆ ಡಿಕ್ಕಿಯಲ್ಲಿ ಪೆಟ್ಟಿಗೆ ಇರಿಸಿಕೊಂಡು ಹೋಗುವ ಪದ್ಧತಿ ಬಂತು.

2025ರ ನವೆಂಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಮೆರಿಕದಲ್ಲಿ ಬಡವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವಿನ ಹೆಸರು ಸ್ನ್ಯಾಪ್. ಸುಮಾರು 4 ಕೋಟಿ 20 ಲಕ್ಷ ಜನ ಅದನ್ನು ನೆಚ್ಚಿದ್ದರು. ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಕೇಂದ್ರ ಸರ್ಕಾರದ ಕಚೇರಿಗಳು ಹಣ ಮಂಜೂರಾಗದೆ ಸ್ಥಗಿತಗೊಂಡಾಗ ನವೆಂಬರ್ ತಿಂಗಳ ಸ್ನ್ಯಾಪ್ ಹಣ ಬರುವುದು ಅಸ್ತವ್ಯಸ್ತವಾಯಿತು. ಜನ ಪ್ಯಾಂಟ್ರಿಗಳ ಮುಂದೆ ಸಾಲುಗಟ್ಟಿದರು. ಫುಡ್ ಬ್ಯಾಂಕುಗಳಿಂದ ಒಂದು ಊಟ ಸಿಗುವಲ್ಲಿ ಸ್ನ್ಯಾಪ್‌ನಿಂದ ಒಂಬತ್ತು ಊಟ ಸಿಗುತ್ತದೆ ಎಂಬುದು ಫೀಡಿಂಗ್ ಅಮೆರಿಕದ ಲೆಕ್ಕ. ಆ ಒಂಬತ್ತನ್ನು ತುಂಬಿಕೊಡುವುದು ಸ್ವಯಂಸೇವಕರ ಕೈಯಲ್ಲಿ ಆಗುವ ಮಾತಲ್ಲ. ಸಮಾಜಶಾಸ್ತ್ರಜ್ಞೆ ಜಾನೆಟ್ ಪಾಪೆನ್‌ಡೀಕ್ 1998ರಲ್ಲಿ ಪ್ರಕಟವಾದ 'ಸ್ವೀಟ್ ಚಾರಿಟಿ?' ಪುಸ್ತಕದಲ್ಲಿ ಎತ್ತಿದ ಪ್ರಶ್ನೆಯೂ ಇದೇ. ದಾನದ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ಕಂಡಾಗ, ಬಡತನ ಹೋಗಲಾಡಿಸಬೇಕಾದ ಸರ್ಕಾರದ ಹೊಣೆ ಮರೆತುಹೋಗುವುದಿಲ್ಲವೇ ಎಂದು ಅವರು ಕೇಳಿದರು. ಈ ಪ್ರಶ್ನೆ ಗೊತ್ತಿದ್ದೂ ವಾರವಾರ ಬಂದು ಬಾಗಿಲು ತೆಗೆಯುವ ಸ್ವಯಂಸೇವಕರು ಬಹಳ ಇದ್ದಾರೆ. ಇಂದು ಸಂಜೆಯ ಅಡುಗೆಗೆ ದಿನಸಿ ಬೇಕಾದ ಮನೆ ಅವರ ಎದುರಿಗಿರುತ್ತದೆ.

ನಮ್ಮ ಕಡೆಯ ಮಾತು

ಭಾರತದಲ್ಲಿ ಈ ಹೊಣೆಯ ದೊಡ್ಡ ಪಾಲನ್ನು ರೇಷನ್ ಅಂಗಡಿ ಹೊತ್ತಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಿಗಬೇಕು. 2023ರ ಜನವರಿಯಿಂದ ಅದನ್ನು ಉಚಿತವಾಗಿ ಕೊಡಲಾಗುತ್ತಿದೆ. 'ಒಂದು ದೇಶ ಒಂದು ಪಡಿತರ ಚೀಟಿ' ಯೋಜನೆ 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳನ್ನೂ ತಲುಪಿತು. ಗಡಿ ದಾಟಿ ಕೂಲಿಗೆ ಹೋದವರು ಕಾಯಿದೆಯಡಿ ಬರುವ ಧಾನ್ಯವನ್ನು ಅಲ್ಲಿಯ ಅಂಗಡಿಯಲ್ಲೇ ಪಡೆಯಬಹುದು.

ಆದರೂ ಊರಿನವರು ಸೇರಿ ಹಸಿವು ನೀಗಿಸುವ ಕೆಲಸ ನಮಗೆ ಹೊಸದಲ್ಲ. ಬಡ ವಿದ್ಯಾರ್ಥಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಹಾಕುತ್ತಿದ್ದ ವಾರಾನ್ನ, ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಎತ್ತಿಡುವ ಹಿಡಿಯಕ್ಕಿ ಹಿರಿಯರಿಗೆ ನೆನಪಿರುತ್ತದೆ. ಕೇರಳದಲ್ಲಿ ಹಿಡಿಯಕ್ಕಿಯ ಹೆಸರು 'ಪಿಡಿಯರಿ'. 2020ರ ಲಾಕ್‌ಡೌನಿನಲ್ಲಿ ಕೇರಳದ ಪಂಚಾಯತುಗಳು ಕುಟುಂಬಶ್ರೀ ಮಹಿಳೆಯರ ಜತೆ ಸಮುದಾಯ ಅಡುಗೆಮನೆ ನಡೆಸಿದಾಗ, ಪೊಟ್ಟಣ ಕಟ್ಟಿ ಮನೆಮನೆಗೆ ಮುಟ್ಟಿಸಿದವರಲ್ಲಿ ಊರಿನ ಸ್ವಯಂಸೇವಕರಿದ್ದರು.

ಇಂಥ ಉಗ್ರಾಣವನ್ನು ನಮ್ಮ ಕಡೆ ಆರಂಭಿಸುವವರು ಗಮನಿಸಬೇಕಾದ ಕೆಲವು ವಿಷಯ ಹೀಗಿವೆ. ಮಿಕ್ಕ ಆಹಾರ ಹಂಚಲು ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮಾವಳಿ ಇದೆ, ಅದನ್ನು ತಿಳಿದಿರಬೇಕು. ಬೇಯಿಸಿದ ಅನ್ನಕ್ಕಿಂತ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ ಕಾದಿಡುವುದು ಸುಲಭ. ತೆರೆಯುವ ದಿನ ಮತ್ತು ಹೊತ್ತು ಬದಲಾಗಬಾರದು. ಗಡಿ ಊರಿನಲ್ಲಿ ಫಲಕ ಎರಡೂ ಭಾಷೆಯಲ್ಲಿರಬೇಕು. ಒಯ್ಯುವವರ ಫೋಟೋ ತೆಗೆಯಬಾರದು. ಬೀಗದ ಕೈ ಕನಿಷ್ಠ ಇಬ್ಬರ ಬಳಿ ಇರಬೇಕು. ಲೆಕ್ಕದ ಪುಸ್ತಕ ಬರೆಯಲು ಮೂರನೆಯವರೊಬ್ಬರಿಗೂ ಮೊದಲೇ ಕಲಿಸಿಟ್ಟಿರಬೇಕು.