ಭಾರತದ ವಾಣಿಜ್ಯ ಉಪಗ್ರಹ ಉಡಾವಣೆ

ವಾಣಿಜ್ಯ ಉಪಗ್ರಹ ಉಡಾವಣೆ ಎಂದರೆ ಅನ್ಯ ದೇಶದ ಅಥವಾ ಖಾಸಗಿ ಸಂಸ್ಥೆಯ ಉಪಗ್ರಹವನ್ನು ಶುಲ್ಕ ಪಡೆದು ನಿಗದಿತ ಕಕ್ಷೆಗೆ ತಲುಪಿಸಿಕೊಡುವ ಸೇವೆ. ಭಾರತದಲ್ಲಿ ಈ ಸೇವೆ 1999ರ ಮೇ 26ರಂದು ಆರಂಭವಾಯಿತು. ಅಂದು ಆಂಧ್ರಪ್ರದೇಶದ ಶ್ರೀಹರಿಕೋಟದಿಂದ ಹೊರಟ ಪಿಎಸ್‌ಎಲ್‌ವಿ-ಸಿ2 ವಾಹನವು ಭಾರತದ ಓಶನ್‌ಸ್ಯಾಟ್-1 ಉಪಗ್ರಹದ ಜೊತೆಯಲ್ಲಿ ದಕ್ಷಿಣ ಕೊರಿಯಾದ ಕಿಟ್‌ಸ್ಯಾಟ್-3 ಮತ್ತು ಜರ್ಮನಿಯ ಟಬ್‌ಸ್ಯಾಟ್ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಈ ವ್ಯವಹಾರವನ್ನು ಮೊದಲು ಆಂಟ್ರಿಕ್ಸ್ ಕಾರ್ಪೊರೇಶನ್ ನಿರ್ವಹಿಸುತ್ತಿತ್ತು. ಈಗ ಮುಖ್ಯವಾಗಿ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ (ಎನ್‌ಎಸ್‌ಐಎಲ್) ನಿರ್ವಹಿಸುತ್ತಿದೆ. ಎರಡೂ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಸರ್ಕಾರಿ ಸಂಸ್ಥೆಗಳು.

ಹಿನ್ನೆಲೆ

ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ರಾಕೆಟ್ಟಿನಲ್ಲಿ ಕಕ್ಷೆಗೆ ಹೋಯಿತು. ಆಗ ಇಂಥ ಭಾರವನ್ನು ಹೊತ್ತೊಯ್ಯಬಲ್ಲ ಸ್ವಂತ ವಾಹನ ಭಾರತದ ಬಳಿ ಇರಲಿಲ್ಲ. ಆರ್ಯಭಟದ ನಿರ್ಮಾಣದ ನೇತೃತ್ವ ವಹಿಸಿದ್ದವರು ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಜನಿಸಿದ ಪ್ರೊ. ಯು. ಆರ್. ರಾವ್ (ಉಡುಪಿ ರಾಮಚಂದ್ರ ರಾವ್). ಉಡುಪಿಯಲ್ಲಿ ಪ್ರೌಢಶಾಲಾ ಶಿಕ್ಷಣ ಪಡೆದ ಅವರು ಮುಂದೆ ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. 1992ರಲ್ಲಿ ಸ್ಥಾಪನೆಯಾದ ಆಂಟ್ರಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರೂ ಅವರೇ. ಅವರು 2017ರ ಜುಲೈ 24ರಂದು ನಿಧನರಾದರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಮರುವರ್ಷ ಅವರ ಹೆಸರನ್ನು ಇಡಲಾಯಿತು.

ಪಿಎಸ್‌ಎಲ್‌ವಿಯ ಮೊದಲ ಹಾರಾಟ 1993ರ ಸೆಪ್ಟೆಂಬರ್ 20ರಂದು ವಿಫಲವಾಯಿತು. 1994ರ ಅಕ್ಟೋಬರ್ 15ರ ಎರಡನೆಯ ಹಾರಾಟ ಯಶಸ್ಸು ಕಂಡಿತು. ಐದು ವರ್ಷಗಳೊಳಗೆ ಈ ವಾಹನ ವಿದೇಶಿ ಗ್ರಾಹಕರ ಉಪಗ್ರಹಗಳನ್ನು ಹೊರುವ ಹಂತಕ್ಕೆ ಬಂದಿತು.

ಉಡಾವಣೆಯ ಕ್ರಮ

ಉಡಾವಣೆಯಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ ಉಪಗ್ರಹವಿರುತ್ತದೆ. ಯಾವ ಕಕ್ಷೆ, ಯಾವ ಸಮಯ ಎಂಬುದು ಅದರ ಅಗತ್ಯದಂತೆ ನಿರ್ಧಾರವಾಗುತ್ತದೆ. ವಾಹನದ ಸಾಮರ್ಥ್ಯದಲ್ಲಿ ಮಿಕ್ಕ ತೂಕವನ್ನು ಸಣ್ಣ ಸಹಪ್ರಯಾಣಿಕ ಉಪಗ್ರಹಗಳಿಗೆ ಹಂಚಲಾಗುತ್ತದೆ. ಸ್ವಂತವಾಗಿ ಇಡೀ ರಾಕೆಟ್ಟನ್ನು ಗೊತ್ತುಪಡಿಸಿಕೊಳ್ಳಲಾಗದ ವಿಶ್ವವಿದ್ಯಾಲಯಗಳಿಗೂ ಸಣ್ಣ ಕಂಪನಿಗಳಿಗೂ ಇದರಿಂದ ಅನುಕೂಲವಾಗುತ್ತದೆ.

ಭೂವೀಕ್ಷಣಾ ಉಪಗ್ರಹಗಳು ಹೆಚ್ಚಾಗಿ ಧ್ರುವಗಳ ಮೇಲೆ ಹಾದುಹೋಗುವ ಸೂರ್ಯಸ್ಥಾಯಿ ಕಕ್ಷೆಯನ್ನು ಬಯಸುತ್ತವೆ. ಈ ಕಕ್ಷೆಯಲ್ಲಿ ಉಪಗ್ರಹವು ಒಂದು ಸ್ಥಳವನ್ನು ಪ್ರತಿ ಬಾರಿಯೂ ಅಲ್ಲಿನ ಒಂದೇ ಹೊತ್ತಿಗೆ ದಾಟುವುದರಿಂದ ಚಿತ್ರಗಳನ್ನು ಹೋಲಿಸುವುದು ಸುಲಭ. ಶ್ರೀಹರಿಕೋಟದಿಂದ ನೇರ ದಕ್ಷಿಣಕ್ಕೆ ಹಾರಿದರೆ ಶ್ರೀಲಂಕಾ ಅಡ್ಡ ಬರುತ್ತದೆ. ಆದ್ದರಿಂದ ಪಿಎಸ್‌ಎಲ್‌ವಿ ಮೊದಲು ಆಗ್ನೇಯಕ್ಕೆ ಸಾಗಿ ಬಳಿಕ ದಿಕ್ಕು ಬದಲಿಸಬೇಕಾಗುತ್ತದೆ. ಇದರಿಂದ ಇಂಧನ ವ್ಯಯವಾಗಿ ಹೊರುವ ತೂಕ ಕಡಿಮೆಯಾಗುತ್ತದೆ.

ಪ್ರಮುಖ ಉಡಾವಣೆಗಳು

2007ರ ಏಪ್ರಿಲ್ 23: ಪಿಎಸ್‌ಎಲ್‌ವಿ-ಸಿ8 ಇಟಲಿಯ 352 ಕಿಲೋಗ್ರಾಂ ತೂಕದ ಅಜಿಲೆ ಖಗೋಳ ಉಪಗ್ರಹವನ್ನು ಹೊತ್ತೊಯ್ದಿತು. ವಿದೇಶಿ ಉಪಗ್ರಹವೊಂದು ಮುಖ್ಯ ಹೊರೆಯಾಗಿದ್ದ ಮೊದಲ ಉಡಾವಣೆ ಇದು.

2017ರ ಫೆಬ್ರವರಿ 15: ಪಿಎಸ್‌ಎಲ್‌ವಿ-ಸಿ37 ಒಂದೇ ಹಾರಾಟದಲ್ಲಿ 104 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಅವುಗಳಲ್ಲಿ 101 ವಿದೇಶಿ ಉಪಗ್ರಹಗಳು.

2022ರ ಅಕ್ಟೋಬರ್ 23 ಮತ್ತು 2023ರ ಮಾರ್ಚ್ 26: ರಷ್ಯಾ-ಉಕ್ರೇನ್ ಯುದ್ಧದಿಂದಾಗಿ ಸೋಯುಜ್ ರಾಕೆಟ್ಟಿನ ಸೇವೆ ಕಳೆದುಕೊಂಡ ಒನ್‌ವೆಬ್ ಸಂಸ್ಥೆಯ 72 ಸಂವಹನ ಉಪಗ್ರಹಗಳನ್ನು ಎಲ್‌ವಿಎಂ3 ವಾಹನವು ಎರಡು ಹಾರಾಟಗಳಲ್ಲಿ ಒಯ್ದಿತು.

2024ರ ಡಿಸೆಂಬರ್ 5: ಪಿಎಸ್‌ಎಲ್‌ವಿ-ಸಿ59 ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಪ್ರೋಬಾ-3 ಜೋಡಿ ಉಪಗ್ರಹಗಳನ್ನು ಉಡಾಯಿಸಿತು. ಒಂದು ಉಪಗ್ರಹ ಸೂರ್ಯಬಿಂಬವನ್ನು ಮರೆಮಾಡಿ, ಇನ್ನೊಂದು ಸೂರ್ಯನ ಹೊರವಲಯವನ್ನು ನೋಡುವುದು ಇದರ ಉದ್ದೇಶ.

2025ರ ಡಿಸೆಂಬರ್ 24: ಎಲ್‌ವಿಎಂ3-ಎಂ6 ಅಮೆರಿಕದ ಎಎಸ್‌ಟಿ ಸ್ಪೇಸ್‌ಮೊಬೈಲ್ ಸಂಸ್ಥೆಯ ಸುಮಾರು 6,100 ಕಿಲೋಗ್ರಾಂ ತೂಕದ ಬ್ಲೂಬರ್ಡ್ ಉಪಗ್ರಹವನ್ನು ಕಕ್ಷೆಗೆ ತಲುಪಿಸಿತು. ಭಾರತದ ನೆಲದಿಂದ ಅದುವರೆಗೆ ಹಾರಿದ ಅತಿ ಭಾರದ ಉಪಗ್ರಹ ಇದು.

ಹಿನ್ನಡೆಗಳು

2005ರಲ್ಲಿ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ ಕಂಪನಿಯ ನಡುವೆ ಆದ ಒಪ್ಪಂದವನ್ನು ಕೇಂದ್ರ ಸರ್ಕಾರ 2011ರಲ್ಲಿ ರದ್ದುಪಡಿಸಿತು. ಇದರಿಂದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮತ್ತು ದೀರ್ಘ ನ್ಯಾಯಾಂಗ ಹೋರಾಟ ಉಂಟಾಯಿತು. 2019ರ ಮಾರ್ಚ್‌ನಲ್ಲಿ ಎನ್‌ಎಸ್‌ಐಎಲ್ ಸ್ಥಾಪನೆಯಾಯಿತು.

ಭಾರದ ಸಂವಹನ ಉಪಗ್ರಹಗಳಿಗೆ ಭಾರತ ಈಗಲೂ ಕೆಲವೊಮ್ಮೆ ಹೊರಗಿನ ವಾಹನವನ್ನು ಅವಲಂಬಿಸುತ್ತದೆ. ಎನ್‌ಎಸ್‌ಐಎಲ್‌ನ 4,700 ಕಿಲೋಗ್ರಾಂ ತೂಕದ ಜಿಸ್ಯಾಟ್-ಎನ್2 ಉಪಗ್ರಹವನ್ನು 2024ರ ನವೆಂಬರ್‌ನಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ ಸಂಸ್ಥೆಯ ಫಾಲ್ಕನ್-9 ರಾಕೆಟ್ ಉಡಾಯಿಸಿತು.

ವಿಶ್ವಾಸಾರ್ಹತೆಗೆ ಹೆಸರಾಗಿದ್ದ ಪಿಎಸ್‌ಎಲ್‌ವಿ 2025ರ ಮೇ 18ರಂದು (ಸಿ61) ಮೂರನೆಯ ಹಂತದ ದೋಷದಿಂದ ವಿಫಲವಾಯಿತು. 2026ರ ಜನವರಿ 12ರ ಸಿ62 ಹಾರಾಟದಲ್ಲಿಯೂ ಮೂರನೆಯ ಹಂತದ ಕೊನೆಯಲ್ಲಿ ತೊಂದರೆ ಕಾಣಿಸಿಕೊಂಡಿತು. ಮುಖ್ಯ ಉಪಗ್ರಹದೊಡನೆ ಸಹಪ್ರಯಾಣಿಕ ಉಪಗ್ರಹಗಳೂ ನಷ್ಟವಾದವು. ಇಂಥ ನಷ್ಟ ಸಣ್ಣ ಸಂಸ್ಥೆಗಳಿಗೆ ಹೆಚ್ಚು ತಟ್ಟುತ್ತದೆ. ಹಲವು ವರ್ಷಗಳ ದುಡಿಮೆಯ ಏಕೈಕ ಉಪಗ್ರಹವೇ ಅದಾಗಿರುವುದುಂಟು.

ಖಾಸಗಿ ಸಂಸ್ಥೆಗಳು

ಖಾಸಗಿ ಚಟುವಟಿಕೆಗಳಿಗೆ ಅನುಮತಿ ಮತ್ತು ಉತ್ತೇಜನ ನೀಡಲು 2020ರಲ್ಲಿ ಇನ್-ಸ್ಪೇಸ್ ಎಂಬ ಸಂಸ್ಥೆಯನ್ನು ರಚಿಸಲಾಯಿತು. 2023ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿ ಪ್ರಕಟವಾಯಿತು. ಹೈದರಾಬಾದಿನ ಸ್ಕೈರೂಟ್ ಸಂಸ್ಥೆಯ ವಿಕ್ರಮ್-ಎಸ್ 2022ರ ನವೆಂಬರ್ 18ರಂದು, ಚೆನ್ನೈನ ಅಗ್ನಿಕುಲ್ ಸಂಸ್ಥೆಯ ಪ್ರಾಯೋಗಿಕ ರಾಕೆಟ್ 2024ರ ಮೇ 30ರಂದು ಹಾರಿದವು. ಇವೆರಡೂ ಕಕ್ಷೆ ತಲುಪದ ಪರೀಕ್ಷಾ ಹಾರಾಟಗಳು. ಬೆಂಗಳೂರಿನ ಪಿಕ್ಸೆಲ್ ಸಂಸ್ಥೆಯ ಆನಂದ್ ಉಪಗ್ರಹ 2022ರ ನವೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ54ರಲ್ಲಿ ಹೋಯಿತು. ಸಣ್ಣ ಉಪಗ್ರಹಗಳಿಗಾಗಿ ರೂಪಿಸಿದ ಎಸ್‌ಎಸ್‌ಎಲ್‌ವಿ ವಾಹನದ ತಂತ್ರಜ್ಞಾನವನ್ನು ಪಡೆಯುವ ಬಿಡ್ಡನ್ನು 2025ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಗೆದ್ದಿತು.

ಕರಾವಳಿ ಕರ್ನಾಟಕದಲ್ಲಿ ಉಪಯೋಗ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಉಡಾವಣಾ ಕೇಂದ್ರವಿಲ್ಲ. ಆದರೆ ಈ ಕಡಲತೀರದ ಮೀನುಗಾರರ ಬದುಕಿಗೂ ಉಪಗ್ರಹಗಳಿಗೂ ನೇರ ಸಂಬಂಧವಿದೆ. ಮೊದಲ ವಾಣಿಜ್ಯ ಉಡಾವಣೆಯಲ್ಲಿ ಮುಖ್ಯ ಹೊರೆಯಾಗಿದ್ದ ಓಶನ್‌ಸ್ಯಾಟ್-1 ಕಡಲಿನ ಬಣ್ಣವನ್ನು ಅಳೆಯುವ ಉಪಗ್ರಹವಾಗಿತ್ತು. ನೀರಿನಲ್ಲಿ ಹರಿತ್ತು ಹೆಚ್ಚಿರುವಲ್ಲಿ ಸಸ್ಯಪ್ಲವಕಗಳು ಹೆಚ್ಚಿರುತ್ತವೆ. ಆಹಾರವಿರುವಲ್ಲಿ ಬೂತಾಯಿ, ಬಂಗುಡೆಯಂಥ ಮೀನುಗಳು ಗುಂಪುಗೂಡುತ್ತವೆ. ಈ ಮಾಹಿತಿಯನ್ನು ಕಡಲ ಮೇಲ್ಮೈಯ ಉಷ್ಣತೆಯೊಂದಿಗೆ ಸೇರಿಸಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ವಲಯಗಳ ಸೂಚನೆ ನೀಡುತ್ತದೆ. ದಿಕ್ಕು, ದೂರ ಮತ್ತು ಆಳ ಮೊದಲೇ ತಿಳಿದರೆ ಹುಡುಕಾಟಕ್ಕೆ ಸುಡುವ ಡೀಸೆಲ್ ಉಳಿಯುತ್ತದೆ. ಮೋಡ ಕವಿದಾಗ ಇಂಥ ಉಪಗ್ರಹಗಳಿಗೆ ಕಡಲು ಕಾಣದಿರುವುದು ಈ ವ್ಯವಸ್ಥೆಯ ಮಿತಿ.

ಇನ್ನೊಂದು ಉಪಯೋಗ ಪ್ರಾಣರಕ್ಷಣೆಗೆ ಸಂಬಂಧಿಸಿದ್ದು. ದಡದಿಂದ ಕೆಲವು ಕಿಲೋಮೀಟರ್ ದಾಟಿದರೆ ಮೊಬೈಲ್ ಸಂಪರ್ಕ ಕಡಿದುಹೋಗುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಸಮುದ್ರತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಬೋಟುಗಳ ಇರುವಿಕೆ ತಿಳಿಯುವ ಸಾಧನದ ಅಗತ್ಯ ಕರಾವಳಿಯಲ್ಲಿ ಎಲ್ಲರಿಗೂ ಮನವರಿಕೆಯಾಯಿತು. 2024ರ ಆಗಸ್ಟ್ 30ರಂದು ಕೇಂದ್ರ ಸರ್ಕಾರ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರುಗಳನ್ನು ಉಚಿತವಾಗಿ ಅಳವಡಿಸುವ ಯೋಜನೆಗೆ ಚಾಲನೆ ನೀಡಿತು. ಇದರ ಅಂದಾಜು ವೆಚ್ಚ 364 ಕೋಟಿ ರೂಪಾಯಿ. ಮೊಬೈಲ್ ಸಿಗ್ನಲ್ ಇಲ್ಲದೆಡೆಯೂ ಈ ಸಾಧನ ಉಪಗ್ರಹದ ಮೂಲಕ ಬೋಟಿನ ಸ್ಥಾನವನ್ನು ತಿಳಿಸುತ್ತದೆ, ಅಪಾಯದ ಕರೆಯನ್ನು ದಡಕ್ಕೆ ಮುಟ್ಟಿಸುತ್ತದೆ, ಹವಾಮಾನದ ಎಚ್ಚರಿಕೆಯನ್ನು ಬೋಟಿಗೆ ತಲುಪಿಸುತ್ತದೆ.

ಮುಂದಿನ ಯೋಜನೆಗಳು

ತಮಿಳುನಾಡಿನ ಕುಲಶೇಖರಪಟ್ಟಣಂನಲ್ಲಿ ಎರಡನೆಯ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಯಿತು. ಅಲ್ಲಿಂದ ಸಣ್ಣ ರಾಕೆಟ್ಟುಗಳು ಶ್ರೀಲಂಕಾವನ್ನು ಬಳಸದೆ ನೇರ ದಕ್ಷಿಣಕ್ಕೆ ಹಾರಬಹುದು. ಕಡಿಮೆ ಎತ್ತರದ ಕಕ್ಷೆಗೆ 30 ಟನ್‌ವರೆಗೆ ಹೊರಬಲ್ಲ ಮುಂದಿನ ಪೀಳಿಗೆಯ ಉಡಾವಣಾ ವಾಹನಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 8,240 ಕೋಟಿ ರೂಪಾಯಿ ಮಂಜೂರು ಮಾಡಿತು. ಎಚ್‌ಎಎಲ್ ಮತ್ತು ಎಲ್ ಆಂಡ್ ಟಿ ಒಕ್ಕೂಟವು ಐದು ಪಿಎಸ್‌ಎಲ್‌ವಿಗಳನ್ನು ನಿರ್ಮಿಸುವ ಹೊಣೆ ಪಡೆದಿದೆ. ಅವುಗಳಲ್ಲಿ ಮೊದಲನೆಯದು ಓಶನ್‌ಸ್ಯಾಟ್ ಸರಣಿಯ ಇನ್ನೊಂದು ಉಪಗ್ರಹವನ್ನು ಒಯ್ಯುವ ಯೋಜನೆಯಿದೆ.