ಗುಳೆ ಹೋದವರ ಇತಿಹಾಸ

ಕೃಷ್ಣಾನದಿಯು ತೆಲಂಗಾಣದ ನೆಲವನ್ನು ಮೊದಲು ಮುಟ್ಟುವುದು ನಮ್ಮ ಮಕ್ತಲ ಸೀಮೆಯ ತಂಗಡಿ ಗ್ರಾಮದ ಬಳಿ. ಭೀಮಾನದಿಯು ಅದನ್ನು ಕೂಡುವುದೂ ಅಲ್ಲಿಯೇ. ಎರಡು ಹೊಳೆಗಳನ್ನು ಬಾಗಿಲಲ್ಲಿಯೇ ಕಂಡ ಜನರು ಹೊಟ್ಟೆಯ ಪಾಡಿಗಾಗಿ ಪರಸ್ಥಳಗಳಿಗೆ ಗುಳೆ ಹೋದುದೇಕೆ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಲು ಬಯಸುತ್ತೇವೆ.

ನದಿಯು ತಗ್ಗಿನಲ್ಲಿ ಹರಿಯುತ್ತಿದ್ದಿತು. ಹೊಲಗಳು ದಿನ್ನೆಯ ಮೇಲಿದ್ದವು. ಜೋಳ, ಔಡಲ, ಶೇಂಗಾಗಳಿಗೆ ಮಳೆಯೊಂದೇ ಆಧಾರ. ಮಳೆ ತಪ್ಪಿದರೆ ಸಾಲ. ಸಾಲದ ಬೆನ್ನ ಹಿಂದೆಯೇ ಗುಂಪು ಮೇಸ್ತ್ರಿ. ಅವನು ಮುಂಗಡ ಹಣವನ್ನು ಕೊಟ್ಟು, ಗಂಡಹೆಂಡಿರನ್ನು ಜೊತೆಯಾಗಿ ಗೊತ್ತುಮಾಡಿಕೊಂಡು, ದೂರದ ಕೆಲಸಗಳಿಗೆ ಕರೆದೊಯ್ಯುತ್ತಿದ್ದನು. ಮುಂಗಡವು ತೀರುವವರೆಗೆ ಊರಿಗೆ ಮರಳುವಂತಿಲ್ಲ. ಹೀಗೆ ಹೋದವರಿಗೆ ‘ಪಾಲಮೂರು ಕೂಲಿ’ಗಳೆಂದು ಹೆಸರಾಯಿತು. ಪಾಲಮೂರೆಂದರೆ ಮಹಬೂಬನಗರ. ನಾರಾಯಣಪೇಟೆ, ಮಕ್ತಲಗಳು ಆ ಜಿಲ್ಲೆಯಲ್ಲಿಯೇ ಇದ್ದವು. ಗದ್ವಾಲವು ರಾಯಚೂರು ಜಿಲ್ಲೆಯಿಂದ ಬಂದು 1956ರಲ್ಲಿ ಅದನ್ನು ಸೇರಿತು.

ಇದೇ ಕೃಷ್ಣೆಗೆ ಕೆಳಗಡೆ ನಾಗಾರ್ಜುನಸಾಗರವನ್ನು ಕಟ್ಟಲು 1955ರ ಡಿಸೆಂಬರ್ 10ರಂದು ನೆಹರೂ ಅವರು ಅಡಿಗಲ್ಲನ್ನಿಟ್ಟರು. 1967ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕಲ್ಲುಗಾರೆಯ ಆ ಮಹಾ ಅಣೆಕಟ್ಟು ಮನುಷ್ಯರ ತಲೆಹೊರೆಯಿಂದ ಎದ್ದುದು. ಹೊತ್ತವರಲ್ಲಿ ಪಾಲಮೂರಿನ ಗಂಡಸರೂ ಹೆಂಗಸರೂ ಇದ್ದರು. ಅಡಿಗಲ್ಲನ್ನಿಟ್ಟವರ ಹೆಸರನ್ನು ನಾವೆಲ್ಲರೂ ಬಲ್ಲೆವು. ಮೇಲಿನ ಕಲ್ಲುಗಳನ್ನು ಹೊತ್ತವರ ಹೆಸರು?

ಇಂತಹ ಮರೆವು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಅಮೆರಿಕದ ಸಿಯೆರಾ ನೆವಾಡ ಪರ್ವತಗಳನ್ನು ಕೊರೆದು ಹಾಕಿದ ರೈಲುಮಾರ್ಗವು 1869ರಲ್ಲಿ ಮುಗಿಯಿತು. ಅಲ್ಲಿ ದುಡಿದವರು ಬಹುಪಾಲು ಚೀನದಿಂದ ಹೋದ ಸಾವಿರಾರು ಕೂಲಿಗಳು. ಸಂಬಳದ ಪುಸ್ತಕದಲ್ಲಿ ಸಾಮಾನ್ಯವಾಗಿ ತಂಡದ ಮುಖಂಡನ ಹೆಸರನ್ನು ಮಾತ್ರ ಬರೆಯುತ್ತಿದ್ದರು. ನಮ್ಮ ಮೇಸ್ತ್ರಿಯ ಲೆಕ್ಕದಂತೆಯೇ! 1882ರಲ್ಲಿ ಅಮೆರಿಕವು ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚುವ ಕಾಯಿದೆಯನ್ನು ಮಾಡಿತು. ಆರೆಗಾನ್ ಪ್ರಾಂತದ ಒಂದು ಹಣ್ಣಿನ ತೋಟದಲ್ಲಿ ಆ ಬಿಂಗ್ ಎಂಬ ಚೀನೀ ಮೇಲಾಳು ಇದ್ದನು. ಅಲ್ಲಿ ಬೆಳೆಸಿದ ಹೊಸ ಚೆರ್ರಿ ಹಣ್ಣಿನ ತಳಿಗೆ ಅವನ ಹೆಸರನ್ನೇ ಇಟ್ಟರು. ಅವನು 1889ರಲ್ಲಿ ತಾಯ್ನಾಡಿಗೆ ಹೋದನು. ಆ ಕಾಯಿದೆಯ ದೆಸೆಯಿಂದ ಮರಳಿ ಬರಲಾಗಲಿಲ್ಲ. ಹಣ್ಣು ಅಲ್ಲಿ ಉಳಿಯಿತು, ದುಡಿದವನು ಹೊರಗುಳಿದನು.

ನಮ್ಮಲ್ಲಿ 1976ರಲ್ಲಿ ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆಯೂ, 1979ರಲ್ಲಿ ಪರರಾಜ್ಯಗಳಿಗೆ ಹೋಗುವ ಕೂಲಿಗಳ ರಕ್ಷಣೆಗೆಂದು ಇನ್ನೊಂದು ಕಾಯಿದೆಯೂ ಬಂದವು. 1990ರ ದಶಕದಲ್ಲಿ ಗದ್ವಾಲದ ಸಮೀಪ ಜೂರಾಲ ಅಣೆಕಟ್ಟಿನಲ್ಲಿ ನೀರು ನಿಂತು, ಕಾಲುವೆ ಮುಟ್ಟಿದ ಹೊಲಗಳು ಹಸುರಾದವು. ಆದರೂ ಗುಳೆ ನಿಲ್ಲಲಿಲ್ಲ, ಮುಂಗಡದ ಕಟ್ಟೂ ಪೂರ್ಣವಾಗಿ ಬಿಚ್ಚಲಿಲ್ಲ. ತಾಯಿತಂದೆಗಳ ಹಿಂದೆ ಹೋದ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು ಹಾಕುವ ದುಃಖವನ್ನು ನಮ್ಮಂತಹ ಉಪಾಧ್ಯಾಯರು ಬಲ್ಲರು.

ಒಮ್ಮೆ ತರಗತಿಯಲ್ಲಿ, “ಯಾರ ಅಜ್ಜ, ಅಜ್ಜಿ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದರು?” ಎಂದು ಕೇಳಿದೆವು. ಒಂದು ಕೈ ಮೇಲೆದ್ದು, ನಾಚಿಕೆಯಿಂದ ನಡುವೆಯೇ ನಿಂತಿತು. ಆ ಕೈಯನ್ನು ಪೂರ್ಣವಾಗಿ ಎತ್ತಿಸುವುದು ಇತಿಹಾಸ ಪಾಠದ ಕರ್ತವ್ಯವೆಂದು ನಮಗೆ ಅಂದು ತೋರಿತು.

ವಿದ್ಯಾರ್ಥಿಗಳೇ, ಇಂದು ಸಂಜೆ ಮನೆಯ ಹಿರಿಯರನ್ನು ಕೇಳಿರಿ. ಯಾವ ಊರಿಗೆ ಹೋದರು, ಯಾವ ಕಟ್ಟೆಗೆ ಕಲ್ಲು ಹೊತ್ತರು, ಎಷ್ಟು ಕೂಲಿ ದೊರೆಯಿತು ಎಂಬುದನ್ನು ಅವರ ಹೆಸರಿನೊಡನೆ ನೋಟುಪುಸ್ತಕದಲ್ಲಿ ಬರೆದಿಡಿರಿ. ಮೇಸ್ತ್ರಿಯ ಲೆಕ್ಕದಲ್ಲಿ ಇಲ್ಲದ ಹೆಸರು ಮೊಮ್ಮಕ್ಕಳ ಪುಸ್ತಕದಲ್ಲಾದರೂ ಇರಲಿ.