ನೆರಿಗೆ ಕಿವಿರಿನ ಶಾರ್ಕ್ ಯಾರ ನೆಂಟ?

ಶಾರ್ಕ್ ಎಂದೊಡನೆ ನಿಮಗೆ ಚೂಪು ಮೂತಿಯ, ತಲೆಯ ಅಡಿಯಲ್ಲಿ ಬಾಯಿರುವ ಮೀನು ನೆನಪಾಗಬಹುದು. ಆಳಸಮುದ್ರದ ಫ್ರಿಲ್ಡ್ ಶಾರ್ಕ್ ಹಾಗಿಲ್ಲ. ಹಾವಿನಂತೆ ನೀಳವಾದ ದೇಹ, ತಲೆಯ ತುದಿಯಲ್ಲೇ ಬಾಯಿ, ಅದರಲ್ಲಿ ತ್ರಿಶೂಲದಂಥ ಸುಮಾರು 300 ಹಲ್ಲುಗಳು. ಬಹುತೇಕ ಶಾರ್ಕ್‌ಗಳಿಗೆ ಐದು ಜೊತೆ ಕಿವಿರು ಸೀಳುಗಳಿದ್ದರೆ ಇದಕ್ಕೆ ಆರು. ಅವುಗಳ ಅಂಚು ನೆರಿಗೆಯಂತಿರುವುದರಿಂದ ಈ ಹೆಸರು.

1879–81ರಲ್ಲಿ ಜಪಾನಿನಲ್ಲಿದ್ದ ಲುಡ್ವಿಗ್ ಡೋಡರ್‌ಲೈನ್ ಇದರ ಎರಡು ಮಾದರಿಗಳನ್ನು ವಿಯೆನ್ನಾಕ್ಕೆ ಒಯ್ದಿದ್ದರು. ಆದರೆ ಅವರ ಹಸ್ತಪ್ರತಿ ಕಳೆದುಹೋಯಿತು. 1884ರಲ್ಲಿ ಮೊದಲ ವಿವರಣೆ ಪ್ರಕಟಿಸಿದವರು ಹಾರ್ವರ್ಡ್‌ನ ಸ್ಯಾಮುಯೆಲ್ ಗಾರ್ಮನ್. ಸಗಾಮಿ ಕೊಲ್ಲಿಯ ಸುಮಾರು 1.5 ಮೀಟರ್ ಉದ್ದದ ಹೆಣ್ಣು ಶಾರ್ಕ್‌ಗೆ ಅವರು ಕ್ಲಮಿಡೊಸೆಲಾಕಸ್ ಆಂಗ್ವಿನಿಯಸ್ ಎಂದು ಹೆಸರಿಟ್ಟು, ಅದಕ್ಕಾಗಿ ಹೊಸ ಕುಟುಂಬವನ್ನೇ ರಚಿಸಿದರು.

ಆಮೇಲೆ ಎದ್ದದ್ದು ನೆಂಟಸ್ತಿಕೆಯ ಪ್ರಶ್ನೆ. ಇದರ ಹಲ್ಲುಗಳು 36 ಕೋಟಿ ವರ್ಷಗಳಿಗೂ ಹಿಂದಿನ ಕ್ಲಾಡೋಡಸ್‌ನ ಹಲ್ಲುಗಳನ್ನು ಹೋಲುತ್ತಿದ್ದವು. ಹಾಗಾದರೆ ಇದು ಆ ಪುರಾತನ ಶಾರ್ಕ್‌ಗಳ ಗುಂಪಿಗೇ ಸೇರಿದ್ದೆ?

ಉತ್ತರಕ್ಕೆ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆಯ ಮಾತನ್ನೇ ಗಮನಿಸಿ. ಅಲ್ಲಿ ಕನ್ನಡದ ಜೊತೆಗೆ ತೆಲುಗೂ ಕೇಳಿಸುತ್ತದೆ. ನಮ್ಮ 'ಹಾಲು' ತೆಲುಗಿನಲ್ಲಿ 'ಪಾಲು', ತಮಿಳಿನಲ್ಲಿ 'ಪಾಲ್'. ಹಳಗನ್ನಡದಲ್ಲೂ ಅದು 'ಪಾಲ್' ಆಗಿತ್ತು. ಹಳೆಯ ಪಕಾರ ಉಳಿದಿದೆ ಎಂದಮಾತ್ರಕ್ಕೆ ತೆಲುಗು, ತಮಿಳು ಹತ್ತಿರದ ನೆಂಟರು, ಕನ್ನಡ ದೂರದ್ದು ಎನ್ನಲಾಗದು. ಈ ಮೂರರಲ್ಲಿ ತಮಿಳಿಗೆ ಹತ್ತಿರವಾದದ್ದು ಕನ್ನಡವೇ ಎಂಬುದು ಭಾಷಾವಿಜ್ಞಾನಿಗಳ ನಿರ್ಣಯ. ಹಳೆಯದನ್ನು ಯಾರು ಬೇಕಾದರೂ ಉಳಿಸಿಕೊಂಡಿರಬಹುದು. ನೆಂಟಸ್ತಿಕೆಗೆ ಸಾಕ್ಷಿಯೆಂದರೆ ಒಟ್ಟಾಗಿ ಪಡೆದ ಹೊಸ ಲಕ್ಷಣ.

ಶಾರ್ಕ್‌ಗಳ ವರ್ಗೀಕರಣಕ್ಕೂ ಇದೇ ಸೂತ್ರ. 1980ರಲ್ಲಿ ಜಾನ್ ಮೈಸಿ ಶಾರ್ಕ್‌ಗಳ ದವಡೆ ತಲೆಬುರುಡೆಗೆ ಸೇರುವ ಬಗೆಯನ್ನು ಪರಿಶೀಲಿಸಿದರು. ಮೇಲ್ದವಡೆಯ ಒಂದು ಚಾಚು ಕಣ್ಣುಗುಳಿಯ ಗೋಡೆಗೆ ಕೀಲಿನಂತೆ ತಗಲುವ ಲಕ್ಷಣ ಫ್ರಿಲ್ಡ್ ಶಾರ್ಕ್‌ನಲ್ಲೂ, ಅನೇಕ ಆಧುನಿಕ ಶಾರ್ಕ್‌ಗಳಲ್ಲೂ ಇದೆ. ಡಿಎನ್‌ಎ ಅಧ್ಯಯನಗಳೂ ಇದನ್ನು ಆ ಆಧುನಿಕರ ಜೊತೆಗೇ ಇರಿಸಿವೆ. ಇಂದು ಸಾಮಾನ್ಯವಾಗಿ ಇದನ್ನು ಆರು, ಏಳು ಕಿವಿರುಗಳ ಶಾರ್ಕ್‌ಗಳೊಂದಿಗೆ ಹೆಕ್ಸಾಂಕಿಫಾರ್ಮಿಸ್ ಗಣಕ್ಕೆ ಸೇರಿಸುತ್ತಾರೆ. ಪ್ರತ್ಯೇಕ ಗಣ ಬೇಕೆನ್ನುವವರೂ ಇದ್ದಾರೆ.

ಒಂದೇ ಪ್ರಭೇದವೆಂದು ತಿಳಿದಿದ್ದ ಈ ಕುಲಕ್ಕೆ 2009ರಲ್ಲಿ ಎಬರ್ಟ್ ಮತ್ತು ಕಂಪಾನೊ ದಕ್ಷಿಣ ಆಫ್ರಿಕಾ ಭಾಗದ ಕಡಲಿನಿಂದ ಇನ್ನೊಂದನ್ನು ಸೇರಿಸಿದರು: ಕ್ಲಮಿಡೊಸೆಲಾಕಸ್ ಆಫ್ರಿಕಾನ. ವಿಕಾಸವಾಗದೆ ನಿಂತುಹೋದ ಜೀವಿ ಇದಲ್ಲ. ಇನ್ನು ಮುಂದೆ ಎಲ್ಲಾದರೂ 'ಜೀವಂತ ಪಳೆಯುಳಿಕೆ' ಎಂದು ಓದಿದಾಗ ಕೇಳಿ: ಹಳೆಯದು ಯಾವುದು, ಇಡೀ ಪ್ರಾಣಿಯೋ, ಅದರ ಒಂದೆರಡು ಲಕ್ಷಣಗಳೋ?